ಗಡಿನಾಡಿನ ವಿಕಿಪೀಡಿಯ ಸಂಪಾದಕರು ಪದೇ ಪದೇ ಕೇಳುವ ಪ್ರಶ್ನೆಗಳು: ನಿಯಮ, ತಕರಾರು, ಒಮ್ಮತ

ಕಾಸರಗೋಡು, ಕುಂಬಳೆ, ಮಂಜೇಶ್ವರ, ಬದಿಯಡ್ಕದ ಕಡೆಯಿಂದ ಕನ್ನಡ ವಿಕಿಪೀಡಿಯಕ್ಕೆ ಬರೆಯಲು ತೊಡಗುವ ಅಧ್ಯಾಪಕರು, ವಿದ್ಯಾರ್ಥಿಗಳು ಮತ್ತು ನಿವೃತ್ತರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಖಾತೆ ತೆರೆಯುವುದು, ಕನ್ನಡದಲ್ಲಿ ಟೈಪ್ ಮಾಡುವುದು ಮುಂತಾದ ತಾಂತ್ರಿಕ ಸಂಗತಿಗಳನ್ನು ಬಿಟ್ಟು, ನಿಯಮಗಳು ಮತ್ತು ಸಹಸಂಪಾದಕರೊಡನೆ ಹುಟ್ಟುವ ಭಿನ್ನಾಭಿಪ್ರಾಯಗಳಿಗೆ ಮಾತ್ರ ಇದು ಸೀಮಿತವಾಗಿದೆ. ಗಡಿಯ ಊರುಗಳ ಲೇಖನಗಳಲ್ಲಿ ತಕರಾರು ಬೇಗ ಹುಟ್ಟುವುದರಿಂದ ಉದಾಹರಣೆಗಳನ್ನೂ ಇಲ್ಲಿಯ ಮಣ್ಣಿನಿಂದಲೇ ಆರಿಸಿಕೊಂಡಿದ್ದೇನೆ.

ಈ ನಿಯಮಗಳನ್ನು ಮಾಡಿದವರು ಯಾರು? ಇಂಗ್ಲಿಷ್ ವಿಕಿಪೀಡಿಯದ ನಿಯಮಗಳು ಕನ್ನಡಕ್ಕೂ ಅನ್ವಯಿಸುತ್ತವೆಯೇ?

ಬಹುಪಾಲು ನಿಯಮಗಳನ್ನು ಸಂಪಾದಕರೇ ವರ್ಷಗಟ್ಟಲೆ ಚರ್ಚಿಸಿ ರೂಪಿಸಿಕೊಂಡಿದ್ದಾರೆ. ಇಂಗ್ಲಿಷ್ ವಿಕಿಪೀಡಿಯ 2001ರ ಜನವರಿಯಲ್ಲಿ ಆರಂಭವಾಯಿತು, ಕನ್ನಡದ್ದು 2003ರಲ್ಲಿ. ಒಂದೊಂದು ಭಾಷೆಯ ವಿಕಿಪೀಡಿಯವೂ ತನ್ನ ನಿರ್ವಾಹಕರನ್ನು ತಾನೇ ಆರಿಸಿಕೊಂಡು, ತನ್ನ ರೀತಿನೀತಿಗಳನ್ನು ತಾನೇ ತೀರ್ಮಾನಿಸಿಕೊಳ್ಳುವ ಪ್ರತ್ಯೇಕ ಸಮುದಾಯವಾಗಿದೆ. ತಟಸ್ಥವಾಗಿ ಬರೆಯಬೇಕು, ಓದುಗರು ಪರಿಶೀಲಿಸಬಹುದಾದ ಆಧಾರವನ್ನು ಕೊಡಬೇಕು, ಸ್ವಂತ ಸಂಶೋಧನೆಯನ್ನು ಮೊದಲ ಬಾರಿಗೆ ಇಲ್ಲಿ ಪ್ರಕಟಿಸಬಾರದು ಎಂಬ ಮೂಲತತ್ತ್ವಗಳಲ್ಲಿ ಭಾಷೆಯಿಂದ ಭಾಷೆಗೆ ದೊಡ್ಡ ವ್ಯತ್ಯಾಸವಿಲ್ಲ, ವಿವರಗಳಲ್ಲಿ ಇದೆ. ಇವುಗಳ ಮೇಲೆ, ಎಲ್ಲ ವಿಕಿಪೀಡಿಯಗಳನ್ನು ನಡೆಸುವ ಸಂಸ್ಥೆಯಾದ ವಿಕಿಮೀಡಿಯ ಫೌಂಡೇಶನ್ನಿನ ಬಳಕೆಯ ನಿಬಂಧನೆಗಳು ಮತ್ತು ಸಾರ್ವತ್ರಿಕ ನೀತಿ ಸಂಹಿತೆ ಎಲ್ಲ ಭಾಷೆಗಳಿಗೂ ಕಡ್ಡಾಯವಾಗಿವೆ. ಆದ್ದರಿಂದ ಚರ್ಚೆಯ ನಡುವೆ ಯಾರಾದರೂ ಇಂಗ್ಲಿಷಿನ ನಿಯಮಪುಟವೊಂದರ ಕೊಂಡಿಯನ್ನು ಅಂಟಿಸಿದರೆ ಅದನ್ನು ಆಜ್ಞೆಯೆಂದು ತಿಳಿಯಬೇಕಾಗಿಲ್ಲ. ಅದು ತೂಗಿ ನೋಡಬೇಕಾದ ಒಂದು ವಾದ. ಕನ್ನಡದಲ್ಲಿ ಆ ವಿಷಯಕ್ಕೆ ನಿಯಮವಿಲ್ಲದಿದ್ದಾಗ ಹೆಚ್ಚಿನ ವೇಳೆ ಒಳ್ಳೆಯ ವಾದವೇ ಆಗಿರುತ್ತದೆ.

ಎಲ್ಲ ನಿಯಮಗಳನ್ನೂ ಓದಿದ ಮೇಲೆಯೇ ಬರೆಯಲು ಕೂರಬೇಕೇ?

ಬೇಡ. ಹಾಗೆ ಹೊರಟವರು ಬರೆಯುವುದೇ ಇಲ್ಲ. ನಿಮ್ಮ ಪ್ರಯೋಗಪುಟದಲ್ಲಿ ನಾಲ್ಕು ಸಾಲು ಬರೆದು, ಉಲ್ಲೇಖ ಸೇರಿಸುವುದನ್ನು ಕಲಿತು, ನೇರವಾಗಿ ಲೇಖನಕ್ಕೆ ಬನ್ನಿ.

ನಾನು ಬರೆದದ್ದನ್ನು ಒಬ್ಬರು ಅಳಿಸಿಹಾಕಿದ್ದಾರೆ. ಮತ್ತೆ ಸೇರಿಸಬಹುದೇ?

ಮೊದಲು ಲೇಖನದ ಇತಿಹಾಸ ಪುಟವನ್ನು ತೆರೆಯಿರಿ. ಯಾರು, ಯಾವಾಗ, ಏನನ್ನು ಬದಲಿಸಿದರು ಎಂಬುದು ಅಲ್ಲಿ ಸಾಲುಸಾಲಾಗಿ ದಾಖಲಾಗಿರುತ್ತದೆ, ಬದಲಾವಣೆಯ ಪಕ್ಕದಲ್ಲಿ ಸಾಮಾನ್ಯವಾಗಿ ಸಂಪಾದನೆಯ ಸಾರಾಂಶವೂ, ಅಂದರೆ ಏಕೆ ಬದಲಿಸಿದರೆಂದು ಹೇಳುವ ಒಂದು ಸಾಲೂ, ಇರುತ್ತದೆ. ನೀವು ಬರೆದದ್ದು ಅಲ್ಲಿಯೇ ಇದೆ, ಎಲ್ಲಿಗೂ ಹೋಗಿಲ್ಲ. ಸಾರಾಂಶದಲ್ಲಿ ‘ಉಲ್ಲೇಖವಿಲ್ಲ’ ಎಂದಿದ್ದರೆ ಉಲ್ಲೇಖ ಹುಡುಕಿ ಅದರೊಂದಿಗೆ ಮತ್ತೆ ಸೇರಿಸಬಹುದು. ಅಳಿಸಿದವರ ಆಕ್ಷೇಪಕ್ಕೆ ಉತ್ತರ ಸಿಕ್ಕಂತಾಯಿತು. ಸಾರಾಂಶವೇ ಇಲ್ಲದಿದ್ದರೆ, ಅಥವಾ ಕಾರಣವನ್ನು ನೀವು ಒಪ್ಪದಿದ್ದರೆ, ಅದನ್ನೇ ಮತ್ತೆ ಸೇರಿಸುವ ಮೊದಲು ಲೇಖನದ ಚರ್ಚೆ ಪುಟದಲ್ಲಿ ಬರೆಯಬೇಕು. ಧೈರ್ಯವಾಗಿ ಬದಲಾಯಿಸಿ, ಯಾರಾದರೂ ರದ್ದುಗೊಳಿಸಿದರೆ ಚರ್ಚಿಸಿ ಎಂಬುದೇ ಇಲ್ಲಿ ಬಹುಕಾಲದಿಂದ ನಡೆದು ಬಂದಿರುವ ಕ್ರಮ.

ಚರ್ಚೆಯಿಲ್ಲದೆ ಒಬ್ಬರು ಸೇರಿಸುವುದು, ಇನ್ನೊಬ್ಬರು ತೆಗೆಯುವುದು ಮುಂದುವರಿದರೆ ಅದನ್ನು ಸಂಪಾದನಾ ಸಮರವೆನ್ನುತ್ತಾರೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಗಳೊಳಗೆ ಮೂರಕ್ಕಿಂತ ಹೆಚ್ಚು ಬಾರಿ ಇತರರ ಬದಲಾವಣೆಯನ್ನು ರದ್ದುಗೊಳಿಸಿದವರನ್ನು ನಿರ್ವಾಹಕರು ತಡೆಹಿಡಿಯಬಹುದು, ಅವರ ಬರಹ ಸರಿಯಾಗಿಯೇ ಇದ್ದರೂ. ಮೂರು ಸಲ ರದ್ದುಗೊಳಿಸುವ ಹಕ್ಕು ತಮಗಿದೆಯೆಂದು ಇದನ್ನು ಅರ್ಥೈಸಿಕೊಳ್ಳುವವರಿದ್ದಾರೆ. ಎರಡನೆಯ ಸಲಕ್ಕೇ ಕೈ ಹಿಂದೆಗೆದುಕೊಂಡು ಚರ್ಚೆ ಪುಟಕ್ಕೆ ಹೋಗುವುದು ವಾಸಿ. ಆ ಹೊತ್ತಿಗೆ ಲೇಖನ ತಪ್ಪಾದ ರೂಪದಲ್ಲಿ ಎರಡು ದಿನ ನಿಂತರೂ ಆಕಾಶ ಬೀಳುವುದಿಲ್ಲ.

ಚರ್ಚೆ ಪುಟದಲ್ಲಿ ಹೇಗೆ ಬರೆಯಬೇಕು?

ಯಾವ ವಾಕ್ಯ, ಅದಕ್ಕೆ ಯಾವ ಆಧಾರ, ಏನು ಬದಲಾಗಬೇಕು ಎಂಬ ಮೂರನ್ನು ಹೇಳಿ, ಕೊನೆಯಲ್ಲಿ ನಾಲ್ಕು ಅಲೆಗೆರೆಗಳನ್ನು (~~~~) ಒತ್ತಿ ಸಹಿ ಹಾಕಿ. ಎದುರಿನವರ ಉದ್ದೇಶ ಒಳ್ಳೆಯದೆಂದೇ ಭಾವಿಸಿ ಆರಂಭಿಸಬೇಕೆಂಬುದು ನಿಯಮವಾಗಿಯೇ ಇದೆ. ನಮ್ಮ ಕಡೆಯವರಿಗೆ ಇಲ್ಲಿ ಒಂದು ವಿಶೇಷ ತೊಂದರೆಯಿದೆ: ತಾಳಮದ್ದಳೆ ಕೇಳಿ ಬೆಳೆದ ನಮಗೆ ಎದುರಾಳಿಯ ಮಾತಿನಲ್ಲೇ ಅವನನ್ನು ಸಿಕ್ಕಿಸುವುದು ದೊಡ್ಡ ಕಲೆ, ಸಭೆಯೂ ಅದಕ್ಕೆ ತಲೆದೂಗುತ್ತದೆ. ಚರ್ಚೆ ಪುಟದಲ್ಲಿ ಅಂಥ ಗೆಲುವಿನಿಂದ ಲೇಖನದ ಒಂದಕ್ಷರವೂ ಬದಲಾಗುವುದಿಲ್ಲ. ಆಧಾರವನ್ನು ಮುಂದಿಟ್ಟು, ಎದುರಿನವರು ಒಪ್ಪಬಹುದಾದ ವಾಕ್ಯವೊಂದನ್ನು ತಾನೇ ಬರೆದು ತೋರಿಸುವವರ ಮಾತು ಅಲ್ಲಿ ನಿಲ್ಲುತ್ತದೆ.

ನಮ್ಮೂರಿನ ವಿಷಯ ನನಗೇ ಗೊತ್ತಿರುವಾಗ ಉಲ್ಲೇಖ ಏಕೆ ಬೇಕು?

ಓದುಗರಿಗೆ ನೀವು ಯಾರೆಂದು ಗೊತ್ತಿಲ್ಲದಿರುವುದರಿಂದ. ಬೀದರಿನಲ್ಲಿ ಕುಳಿತು ಓದುವವರು ನಿಮ್ಮ ಮಾತನ್ನು ಪರಿಶೀಲಿಸಲು ಪತ್ರಿಕೆಯ ವರದಿಯೋ ಪುಸ್ತಕದ ಪುಟಸಂಖ್ಯೆಯೋ ಸರಕಾರಿ ದಾಖಲೆಯೋ ಬೇಕು. ಅಜ್ಜ ಹೇಳಿದ್ದು, ದೇವಸ್ಥಾನದ ಮೊಕ್ತೇಸರರು ಹೇಳಿದ್ದು, ನೀವೇ ಕಂಡದ್ದು ನಿಜವಾಗಿರಬಹುದು. ಆದರೆ ಅದು ಬೇರೆಲ್ಲಾದರೂ ಪ್ರಕಟವಾದ ಮೇಲೆ ಇಲ್ಲಿಗೆ ಬರಬೇಕು.

ಕುಂಬಳೆಯ ಸಮೀಪದ ಅನಂತಪುರ ಸರೋವರ ಕ್ಷೇತ್ರದ ಮೊಸಳೆ ಬಬಿಯಾ ಇದಕ್ಕೆ ಉತ್ತಮ ಉದಾಹರಣೆ. 2022ರ ಅಕ್ಟೋಬರ್ 9ರ ರಾತ್ರಿ ಅದು ಸತ್ತಾಗ ದೇಶದ ಪತ್ರಿಕೆಗಳೆಲ್ಲ ವರದಿ ಮಾಡಿದವು. ‘ಬಬಿಯಾ ಸಸ್ಯಾಹಾರಿ ಮೊಸಳೆಯಾಗಿತ್ತು’ ಎಂದು ಒಬ್ಬರು ಬರೆದರೆ, ‘ಇದು ಮೂಢನಂಬಿಕೆ’ ಎಂದು ಇನ್ನೊಬ್ಬರು ಇಡೀ ವಾಕ್ಯವನ್ನು ತೆಗೆಯುವುದು ಸಹಜ. ಎರಡೂ ಸರಿಯಲ್ಲ. ಮೊದಲನೆಯ ವಾಕ್ಯ ಪ್ರಾಣಿಯ ಆಹಾರದ ಬಗ್ಗೆ ವಿಶ್ವಕೋಶವೇ ಕೊಟ್ಟ ತೀರ್ಪಿನಂತಿದೆ. ಎರಡನೆಯವರು ಸಾವಿರಾರು ಭಕ್ತರ ನಂಬಿಕೆಯೆಂಬ ವಾಸ್ತವವನ್ನೇ ಮರೆಮಾಡುತ್ತಿದ್ದಾರೆ. ‘ಮೊಸಳೆಯು ದೇವಸ್ಥಾನದ ನೈವೇದ್ಯವನ್ನು ಮಾತ್ರ ಸ್ವೀಕರಿಸುತ್ತಿತ್ತೆಂದು ಕ್ಷೇತ್ರದವರು ಹೇಳುತ್ತಾರೆ’ ಎಂದು ಬರೆದು, ಅವರ ಮಾತು ಪ್ರಕಟವಾದ ವರದಿಯನ್ನು ಉಲ್ಲೇಖಿಸಿದರೆ ಇಬ್ಬರೂ ಆಕ್ಷೇಪಿಸಲು ಕಾರಣ ಉಳಿಯುವುದಿಲ್ಲ. ಅದರ ವಯಸ್ಸಿಗೂ ಇದೇ ಕ್ರಮ: ವರದಿ ಹೇಳಿದ ವಯಸ್ಸನ್ನು ವರದಿಯ ಮಾತಾಗಿಯೇ ಬರೆಯಬೇಕು. ಯಾರು ಹೇಳಿದರು ಎಂಬುದನ್ನು ವಾಕ್ಯದೊಳಗೇ ತರುವ ಈ ಅಭ್ಯಾಸವೊಂದು ಕೈಗೂಡಿದರೆ, ನನ್ನ ಅಭಿಪ್ರಾಯದಲ್ಲಿ, ಗಡಿನಾಡಿನ ಲೇಖನಗಳ ಮುಕ್ಕಾಲು ತಕರಾರು ಅಲ್ಲಿಗೇ ಮುಗಿಯುತ್ತದೆ.

ಮಲಯಾಳಂ ಪತ್ರಿಕೆಯನ್ನು ಕನ್ನಡ ಲೇಖನಕ್ಕೆ ಆಧಾರವಾಗಿ ಕೊಡಬಹುದೇ?

ಕೊಡಬಹುದು. ಆಧಾರದ ವಿಶ್ವಾಸಾರ್ಹತೆ ಮುಖ್ಯ, ಅದರ ಭಾಷೆಯಲ್ಲ. ಕೇರಳ ಸರಕಾರದ ಆದೇಶಗಳು, ಪಂಚಾಯತಿನ ದಾಖಲೆಗಳು ಮಲಯಾಳಂನಲ್ಲಿ ಇರುವಾಗ ಅವುಗಳನ್ನು ಬಿಟ್ಟು ನಮ್ಮ ಊರುಗಳ ಬಗ್ಗೆ ಬರೆಯುವುದೂ ಕಷ್ಟ. ಯಾರಾದರೂ ಸಂದೇಹ ವ್ಯಕ್ತಪಡಿಸಿದರೆ ಸಂಬಂಧಪಟ್ಟ ಸಾಲನ್ನು ಚರ್ಚೆ ಪುಟದಲ್ಲಿ ಉದ್ಧರಿಸಿ ಅದರ ಕನ್ನಡ ಅನುವಾದವನ್ನು ಕೊಡಿ.

ಊರಿನ ಹೆಸರನ್ನು ಕನ್ನಡದಲ್ಲಿ ರೂಢಿಯಿರುವಂತೆ ಬರೆಯಬೇಕೋ ಸರಕಾರಿ ದಾಖಲೆಯಲ್ಲಿರುವಂತೆ ಬರೆಯಬೇಕೋ?

ಅತಿ ಹೆಚ್ಚು ಬಾರಿ ಎದುರಾಗುವ ಜಗಳ ಇದೇ. ಮಂಜೇಶ್ವರವೋ ಮಂಜೇಶ್ವರಂ ಎಂದೋ, ನೀಲೇಶ್ವರವೋ ನೀಲೇಶ್ವರಂ ಎಂದೋ, ಕುಂಬಳೆಯೋ ಕುಂಬಳವೋ ಎಂದು ಶೀರ್ಷಿಕೆಯನ್ನು ಅತ್ತಿತ್ತ ಎಳೆದಾಡುವುದನ್ನು ನೋಡುತ್ತೇವೆ. ಶೀರ್ಷಿಕೆಯನ್ನು ಓದುಗರು ಯಾವ ಹೆಸರಿನಿಂದ ಹುಡುಕುತ್ತಾರೋ ಆ ಹೆಸರಿನಲ್ಲಿ ಇಡುವುದು ವಿಕಿಪೀಡಿಯಗಳ ಸಾಮಾನ್ಯ ಕ್ರಮ. ಕನ್ನಡ ಪತ್ರಿಕೆಗಳಲ್ಲಿ, ಪುಸ್ತಕಗಳಲ್ಲಿ ಕುಂಬಳೆ ಎಂದೇ ಬಳಕೆಯಿರುವುದರಿಂದ ಕನ್ನಡ ಲೇಖನದ ಹೆಸರು ಕುಂಬಳೆ. ಇದರಲ್ಲಿ ಭಾಷಾಭಿಮಾನದ ಪ್ರಶ್ನೆ ಬರುವುದಿಲ್ಲ. ಮಲಯಾಳಂ ವಿಕಿಪೀಡಿಯದ ಓದುಗರು ಅವರ ರೂಢಿಯ ಹೆಸರನ್ನು ನಿರೀಕ್ಷಿಸುವುದೂ ಅಷ್ಟೇ ನ್ಯಾಯ.

ಆದರೆ ಅಲ್ಲಿಗೆ ನಿಲ್ಲಿಸಬಾರದು. ಲೇಖನದ ಮೊದಲ ವಾಕ್ಯದಲ್ಲಿಯೇ ಮಲಯಾಳಂ ರೂಪವನ್ನು, ಸ್ಥಳೀಯರಲ್ಲಿ ತುಳು ರೂಪವಿದ್ದರೆ ಅದನ್ನೂ ಕೊಟ್ಟು, ಉಳಿದ ಹೆಸರುಗಳಿಂದ ಹುಡುಕಿದವರೂ ಇದೇ ಪುಟಕ್ಕೆ ಬರುವಂತೆ ಪುನರ್ನಿರ್ದೇಶನಗಳನ್ನು ಮಾಡಬೇಕು. ಹೊಸದುರ್ಗದಂಥ ಹೆಸರಿನಲ್ಲಿ ಇನ್ನೊಂದು ತೊಡಕಿದೆ. ಕನ್ನಡದ ಹೆಚ್ಚಿನ ಓದುಗರಿಗೆ ಹೊಸದುರ್ಗವೆಂದರೆ ಚಿತ್ರದುರ್ಗ ಜಿಲ್ಲೆಯ ತಾಲೂಕು. ಕಾಸರಗೋಡು ಜಿಲ್ಲೆಯಲ್ಲಿಯೂ ಅದೇ ಹೆಸರಿನ ತಾಲೂಕು ಇದೆ, ಅದರ ಕೇಂದ್ರ ಕಾಞಂಗಾಡು. ನಮ್ಮ ಲೇಖನವೊಂದರಲ್ಲಿ ಕಣ್ಣುಮುಚ್ಚಿ ಕೊಂಡಿ ಹಾಕಿದರೆ ಓದುಗರು ಬೇಕಲ ಕೋಟೆಯ ಪಕ್ಕದಿಂದ ನೇರವಾಗಿ ಬಯಲುಸೀಮೆಗೆ ಹೋಗಿ ಬೀಳುತ್ತಾರೆ. ಇಂಥಲ್ಲಿ ಜಿಲ್ಲೆಯ ಹೆಸರನ್ನು ಸೇರಿಸಿ ಎರಡು ಪುಟಗಳನ್ನು ಬೇರ್ಪಡಿಸಬೇಕು.

ಹೆಸರುಗಳ ವಿಷಯ ಸುದ್ದಿಯಾದಾಗ ಹೆಚ್ಚು ಎಚ್ಚರ ಬೇಕು. 2021ರ ಜೂನ್‌ನಲ್ಲಿ ಕಾಸರಗೋಡಿನ ಕನ್ನಡ ಊರುಹೆಸರುಗಳನ್ನು ಬದಲಿಸಲಾಗುತ್ತಿದೆ ಎಂಬ ಆಕ್ಷೇಪ ಕರ್ನಾಟಕದಿಂದ ಬಂದಿತ್ತು, ಕೇರಳ ಸರಕಾರ ಅದನ್ನು ನಿರಾಕರಿಸಿತ್ತು. ಅಂಥ ದಿನಗಳಲ್ಲಿ ಊರಿನ ಪರಿಚಯವೇ ಇಲ್ಲದವರು ಕೂಡ ಲೇಖನಕ್ಕೆ ಕೈ ಹಾಕುತ್ತಾರೆ. ಆಕ್ಷೇಪವನ್ನೂ ನಿರಾಕರಣೆಯನ್ನೂ ಬರೆಯಲು ಅಡ್ಡಿಯಿಲ್ಲ, ಆದರೆ ಒಂದನ್ನು ಬರೆದು ಇನ್ನೊಂದನ್ನು ಬಿಡಬಾರದು.

ಮಹಾಜನ ವರದಿಯ ಬಗ್ಗೆ ತಟಸ್ಥವಾಗಿ ಬರೆಯುವುದು ಸಾಧ್ಯವೇ? ನಮ್ಮ ಪಾಲಿಗೆ ಅದು ಅನ್ಯಾಯದ ಕಥೆಯಲ್ಲವೇ?

ಸಾಧ್ಯ, ಮತ್ತು ಹಾಗೆ ಬರೆದಾಗಲೇ ನಮ್ಮ ಮಾತಿಗೂ ಬಲ ಬರುತ್ತದೆ. 1956ರ ನವೆಂಬರ್ 1ರಂದು ಭಾಷಾವಾರು ಪುನರ್ವಿಂಗಡಣೆಯಾದಾಗ ಅದುವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ಕೇರಳದ ಪಾಲಾಯಿತು. ರಾಜ್ಯಗಳ ಗಡಿವಿವಾದವನ್ನು ಪರಿಶೀಲಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟು, ಚಂದ್ರಗಿರಿ ಮತ್ತು ಪಯಸ್ವಿನಿ ಹೊಳೆಗಳ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಶಿಫಾರಸು ಮಾಡಿತು. ಕೇರಳ ಅದನ್ನು ವಿರೋಧಿಸಿತು, ಶಿಫಾರಸು ಜಾರಿಗೆ ಬರಲಿಲ್ಲ. ಇಷ್ಟನ್ನು ಉಲ್ಲೇಖಗಳೊಂದಿಗೆ ಬರೆದರೆ ಓದುಗರಿಗೆ ತಾವಾಗಿ ಯೋಚಿಸಲು ಬೇಕಾದದ್ದೆಲ್ಲ ಸಿಕ್ಕಿರುತ್ತದೆ. ‘ಘೋರ ಅನ್ಯಾಯ’, ‘ಕಸಿದುಕೊಂಡರು’, ‘ಅವಿಭಾಜ್ಯ ಅಂಗ’ ಎಂಬ ಮಾತುಗಳನ್ನು ನಾಯಕರೊಬ್ಬರು ಹೇಳಿದ್ದರೆ ಅವರ ಹೆಸರಿನಲ್ಲಿ ಉದ್ಧರಿಸಬಹುದು. ಲೇಖನದ ಸ್ವಂತ ಧ್ವನಿಯಲ್ಲಿ ಅವು ಬರಬಾರದು. ಇದೇ ವರದಿ ಬೆಳಗಾವಿಯನ್ನು ಮೈಸೂರು ರಾಜ್ಯದಲ್ಲಿಯೇ ಉಳಿಸಬೇಕೆಂದಾಗ ಮಹಾರಾಷ್ಟ್ರ ಅದನ್ನು ತಿರಸ್ಕರಿಸಿತು ಎಂಬುದನ್ನು ಪಕ್ಕದಲ್ಲಿಟ್ಟರೆ, ಒಂದೇ ದಾಖಲೆ ಒಂದು ಗಡಿಯಲ್ಲಿ ಒಬ್ಬರಿಗೆ, ಇನ್ನೊಂದು ಗಡಿಯಲ್ಲಿ ಮತ್ತೊಬ್ಬರಿಗೆ ಏಕೆ ಬೇಡವಾಯಿತು ಎಂಬ ಪೂರ್ಣ ಚಿತ್ರ ಸಿಗುತ್ತದೆ. ಅಕ್ಕಲಕೋಟೆ, ಜತ್ತ, ತಾಳವಾಡಿಯಂಥ ಇತರ ಗಡಿಯೂರುಗಳ ಲೇಖನಗಳಿಗೂ ಇದೇ ಎಚ್ಚರ ಬೇಕು.

ಕಾಲವನ್ನೂ ಗಮನಿಸಬೇಕು. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. 1967ರ ವರದಿ ‘ಕರ್ನಾಟಕಕ್ಕೆ ಸೇರಿಸಲು’ ಹೇಳಿತು ಎಂದರೆ ತಪ್ಪಾಗುತ್ತದೆ.

ಗೋವಿಂದ ಪೈಗಳನ್ನು ‘ಕೇರಳದ ಕವಿ’ ಎನ್ನಬೇಕೋ ‘ಕರ್ನಾಟಕದ ಕವಿ’ ಎನ್ನಬೇಕೋ?

‘ಕನ್ನಡ ಕವಿ’ ಎನ್ನಿ. ವಿವಾದ ಅಲ್ಲಿಗೆ ತೀರುತ್ತದೆ. 1883ರಲ್ಲಿ ಮಂಜೇಶ್ವರದಲ್ಲಿ ಅವರು ಹುಟ್ಟಿದಾಗ ಊರು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. 1949ರಲ್ಲಿ ರಾಷ್ಟ್ರಕವಿ ಎಂಬ ಗೌರವವನ್ನು ಕೊಟ್ಟದ್ದೂ ಮದ್ರಾಸು ಸರಕಾರವೇ. 1963ರಲ್ಲಿ ಅವರು ತೀರಿಕೊಂಡಾಗ ಮಂಜೇಶ್ವರ ಕೇರಳದಲ್ಲಿತ್ತು, ಆದರೆ ಕಾಸರಗೋಡು ಎಂಬ ಜಿಲ್ಲೆ ಇನ್ನೂ ಇರಲಿಲ್ಲ. ಅದು ರೂಪುಗೊಂಡದ್ದು 1984ರ ಮೇ 24ರಂದು. ಆದ್ದರಿಂದ ಲೇಖನದ ಪಕ್ಕದಲ್ಲಿ ಮುಖ್ಯ ವಿವರಗಳನ್ನು ಕೊಡುವ ಮಾಹಿತಿಚೌಕದಲ್ಲಿ ಹುಟ್ಟಿದ ಸ್ಥಳಕ್ಕೆ ಅಂದಿನ ಆಡಳಿತವನ್ನು ಬರೆದು, ‘ಈಗ ಕೇರಳದ ಕಾಸರಗೋಡು ಜಿಲ್ಲೆ’ ಎಂದು ಸೇರಿಸುವುದು ಸರಿಯಾದ ದಾರಿ.

ವಿದ್ವಾಂಸರೇ ಪರಸ್ಪರ ಒಪ್ಪದಿದ್ದರೆ ನಾವು ಯಾರ ಪಕ್ಷ ವಹಿಸಬೇಕು?

ಯಾರದ್ದೂ ಬೇಡ. ಯಕ್ಷಗಾನ ಪ್ರಸಂಗಗಳ ಕರ್ತೃವೆಂದು ಪ್ರಸಿದ್ಧನಾದ ಪಾರ್ತಿಸುಬ್ಬ ಕುಂಬಳೆ ಸೀಮೆಯವನೆಂಬ ಅಭಿಮಾನ ನಮ್ಮಲ್ಲಿ ಆಳವಾಗಿದೆ. ಕುಕ್ಕಿಲ ಕೃಷ್ಣ ಭಟ್ಟರು ಆ ಪಕ್ಷವನ್ನು ವಿಸ್ತಾರವಾಗಿ ಪ್ರತಿಪಾದಿಸಿದರು. ಶಿವರಾಮ ಕಾರಂತರು ಆ ಪ್ರಸಂಗಗಳ ಕರ್ತೃತ್ವದ ಬಗ್ಗೆ ಭಿನ್ನಮತ ತಾಳಿದರು. ಲೇಖನದಲ್ಲಿ ಎರಡೂ ವಾದಗಳು ಅವರವರ ಹೆಸರಿನಲ್ಲಿ, ಅವರವರ ಆಧಾರಗಳೊಂದಿಗೆ ಬರಬೇಕು. ಕಾರಂತರ ವಾದವನ್ನು ಅಳಿಸಿದರೆ ಪಾರ್ತಿಸುಬ್ಬನ ಗೌರವ ಹೆಚ್ಚುವುದಿಲ್ಲ, ಲೇಖನದ ವಿಶ್ವಾಸಾರ್ಹತೆ ಮಾತ್ರ ಕುಗ್ಗುತ್ತದೆ. ಎರಡು ಪಕ್ಷಗಳಿಗೂ ಸಮಸಮ ಸಾಲುಗಳನ್ನು ಅಳೆದು ಕೊಡಬೇಕೆಂಬುದೂ ಇದರ ಅರ್ಥವಲ್ಲ. ಇತರ ವಿದ್ವಾಂಸರು ಯಾವುದಕ್ಕೆ ಎಷ್ಟು ತೂಕ ಕೊಟ್ಟಿದ್ದಾರೋ ಅದೇ ಪ್ರಮಾಣ ಲೇಖನದಲ್ಲಿಯೂ ಕಾಣಬೇಕು. ಯಾರೋ ಒಬ್ಬರು ಕರಪತ್ರದಲ್ಲಿ ಮಂಡಿಸಿದ ಮೂರನೆಯ ವಾದಕ್ಕೆ ಅಲ್ಲಿ ಸ್ಥಾನವೇ ಇಲ್ಲದಿರಬಹುದು.

ನನಗೆ ಪಾಠ ಮಾಡಿದ ಮಾಷ್ಟ್ರ ಬರಹವನ್ನು ನಾನು ತಿದ್ದಬಹುದೇ?

ತಿದ್ದಬಹುದು. ವಯಸ್ಸು, ಪದವಿ, ಹುದ್ದೆ ಇವುಗಳಿಂದ ಇಲ್ಲಿ ಹೆಚ್ಚಿನ ಹಕ್ಕು ಬರುವುದಿಲ್ಲ. ಆದರೆ ನಮ್ಮ ಊರಿನಲ್ಲಿ ‘ಮಾಷ್ಟ್ರೇ’ ಎಂದು ಕರೆದವರ ಬರಹವನ್ನು ಇದ್ದಕ್ಕಿದ್ದಂತೆ ರದ್ದುಗೊಳಿಸಲು ಮನಸ್ಸು ಬಾರದಿರುವುದು ಸಹಜವೇ. ಅವರ ಸದಸ್ಯ ಚರ್ಚೆ ಪುಟದಲ್ಲಿ ‘ಮಾಷ್ಟ್ರೇ, ಈ ಇಸವಿಗೆ ಆಧಾರವಿದ್ದರೆ ದಯವಿಟ್ಟು ಸೇರಿಸುವಿರಾ?’ ಎಂದು ಬರೆದು ಕೆಲವು ದಿನ ಕಾಯಿರಿ. ಉತ್ತರ ಬಾರದಿದ್ದರೆ ತಿದ್ದಿ.

ಗೆಳೆಯರನ್ನೆಲ್ಲ ಕರೆದು ನಮ್ಮ ಪರವಾಗಿ ಬರೆಯಿಸಬಹುದೇ?

ಕೂಡದು. ಒಮ್ಮತವನ್ನು ತಲೆ ಎಣಿಸಿ ನಿರ್ಧರಿಸುವುದಿಲ್ಲ; ಮಂಡಿಸಿದ ಕಾರಣಗಳನ್ನು ನೋಡಿ ನಿರ್ಧರಿಸುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ‘ಎಲ್ಲರೂ ಬಂದು ಬೆಂಬಲಿಸಿ’ ಎಂದು ಹಾಕಿದರೆ, ಅಂದೇ ಖಾತೆ ತೆರೆದ ಇಪ್ಪತ್ತು ಮಂದಿ ಒಂದೇ ವಾಕ್ಯವನ್ನು ಬರೆದು ಹೋಗುತ್ತಾರೆ, ನಿಮ್ಮ ಒಳ್ಳೆಯ ವಾದವೂ ಅದರೊಂದಿಗೆ ಸಂಶಯಕ್ಕೆ ಗುರಿಯಾಗುತ್ತದೆ. ಒಬ್ಬರೇ ಹಲವು ಖಾತೆಗಳಿಂದ ಹಲವರಂತೆ ನಟಿಸುವುದು ಇನ್ನೂ ಗಂಭೀರವಾದ ತಪ್ಪು. ಪತ್ತೆಯಾದರೆ ಖಾತೆಗಳೆಲ್ಲವನ್ನೂ ತಡೆಹಿಡಿಯುತ್ತಾರೆ. ಹೆಚ್ಚಿನ ಅಭಿಪ್ರಾಯ ಬೇಕಿದ್ದರೆ ಕನ್ನಡ ವಿಕಿಪೀಡಿಯದ ಸಂಪಾದಕರೆಲ್ಲ ಸೇರಿ ಚರ್ಚಿಸುವ ಪುಟವಾದ ಅರಳಿಕಟ್ಟೆಯಲ್ಲಿ, ಯಾರ ಪರವೂ ವಾಲದ ಮಾತಿನಲ್ಲಿ, ಚರ್ಚೆ ಎಲ್ಲಿ ನಡೆಯುತ್ತಿದೆಯೆಂದು ತಿಳಿಸಿದರೆ ಸಾಕು.

ನಮ್ಮ ಶಾಲೆಯ, ಮೇಳದ ಅಥವಾ ದೇವಸ್ಥಾನದ ಬಗ್ಗೆ ನಾನೇ ಬರೆಯಬಹುದೇ? ಸ್ಮರಣ ಸಂಚಿಕೆಯಿಂದ ತೆಗೆದು ಹಾಕಬಹುದೇ?

ನೀವು ಪದಾಧಿಕಾರಿಯಾಗಿರುವ ಸಂಸ್ಥೆಯ ಲೇಖನವನ್ನು ನೀವೇ ಬರೆಯದಿರುವುದು ಲೇಸು. ಮಾಹಿತಿಯಲ್ಲಿ ತಪ್ಪು ಕಂಡರೆ ನಿಮ್ಮ ಸಂಬಂಧವನ್ನು ಬಹಿರಂಗವಾಗಿ ಹೇಳಿ ಚರ್ಚೆ ಪುಟದಲ್ಲಿ ತಿದ್ದುಪಡಿ ಕೇಳಿ. ಹಣ ಪಡೆದು ಬರೆಯುವವರು ಅದನ್ನು ಘೋಷಿಸಲೇಬೇಕೆಂಬುದು 2014ರಿಂದ ಬಳಕೆಯ ನಿಬಂಧನೆಯಲ್ಲಿಯೇ ಇದೆ. ಬದುಕಿರುವ ಕಲಾವಿದರ ಬಗ್ಗೆ ಆಧಾರವಿಲ್ಲದ ಆಪಾದನೆ ಕಂಡರೆ ಚರ್ಚೆಗೆ ಕಾಯದೆ ತೆಗೆಯಬೇಕು.

ಸ್ಮರಣ ಸಂಚಿಕೆಯನ್ನು ಆಧಾರವಾಗಿ ಕೊಡಬಹುದು, ಆದರೆ ಅದರ ವಾಕ್ಯಗಳನ್ನು ಹಾಗೆಯೇ ಇಳಿಸುವಂತಿಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷದ ನಂತರ 60 ವರ್ಷ ಕೃತಿಸ್ವಾಮ್ಯ ಉಳಿಯುತ್ತದೆ. ಗೋವಿಂದ ಪೈಗಳ ಜೀವಿತಕಾಲದಲ್ಲಿ ಪ್ರಕಟವಾದ ಬರಹಗಳು ಈ ಲೆಕ್ಕದಲ್ಲಿ 2024ರ ಜನವರಿ 1ರಿಂದ ಮುಕ್ತವಾದವು. 2015ರಲ್ಲಿ ನಿಧನರಾದ ಕಯ್ಯಾರ ಕಿಞ್ಞಣ್ಣ ರೈಗಳದ್ದು 2075ರ ಕೊನೆಯವರೆಗೆ ಮುಕ್ತವಲ್ಲ. ಅವರ ಪದ್ಯವನ್ನು ಪೂರ್ತಿಯಾಗಿ ಹಾಕಿದಾಗ ನಿರ್ವಾಹಕರು ತೆಗೆದರೆ ಅದನ್ನು ಕವಿಗೆ ಮಾಡಿದ ಅವಮಾನವೆಂದು ತಿಳಿಯಬೇಡಿ.

ಎಷ್ಟು ಚರ್ಚಿಸಿದರೂ ಒಪ್ಪಂದವಾಗದಿದ್ದರೆ ಯಾರಲ್ಲಿಗೆ ಹೋಗಬೇಕು?

ಮೊದಲು ವಿಷಯ ಬಲ್ಲ ಮೂರನೆಯ ಸಂಪಾದಕರೊಬ್ಬರ ಅಭಿಪ್ರಾಯ ಕೇಳಿ, ಅನಂತರ ಅರಳಿಕಟ್ಟೆಗೆ ಒಯ್ಯಿರಿ. ನಿರ್ವಾಹಕರು ನ್ಯಾಯಾಧೀಶರಲ್ಲ. ಪುಟವನ್ನು ಸಂರಕ್ಷಿಸುವುದು (ಇತರರು ಬದಲಿಸದಂತೆ ಬೀಗ ಹಾಕುವುದು), ಖಾತೆಯನ್ನು ತಡೆಹಿಡಿಯುವುದು, ಪುಟವನ್ನು ಅಳಿಸುವುದು ಅವರ ಕೈಯಲ್ಲಿದೆ. ಯಾರ ವಾಕ್ಯ ಸರಿ ಎಂದು ತೀರ್ಪು ಕೊಡುವ ಅಧಿಕಾರ ಅವರಿಗೆ ಪ್ರತ್ಯೇಕವಾಗಿ ಇಲ್ಲ. ಸಂರಕ್ಷಿಸಿದ ಕ್ಷಣದಲ್ಲಿ ಯಾರ ರೂಪ ಪುಟದಲ್ಲಿತ್ತೋ ಅದು ಅಲ್ಲೇ ನಿಲ್ಲುತ್ತದೆ, ಹಾಗಾಗಿ ಒಂದು ಪಕ್ಷ ಯಾವಾಗಲೂ ‘ತಪ್ಪು ರೂಪವನ್ನೇ ಬೀಗ ಹಾಕಿದರು’ ಎಂದು ಗೊಣಗುತ್ತದೆ. ಕನ್ನಡದಂಥ ಚಿಕ್ಕ ಸಮುದಾಯದಲ್ಲಿ ಎಲ್ಲರೂ ಸ್ವಯಂಸೇವಕರೇ ಆದ್ದರಿಂದ ಉತ್ತರ ಬರಲು ವಾರಗಳೇ ಹಿಡಿಯಬಹುದು.

ಜಾತಿ, ಧರ್ಮ, ಭಾಷೆಯ ಹೆಸರಿನಲ್ಲಿ ನಿಂದನೆ ಅಥವಾ ಬೆದರಿಕೆ ಬಂದರೆ ಅದು ಅಭಿಪ್ರಾಯಭೇದವಾಗಿ ಉಳಿಯುವುದಿಲ್ಲ. ಉತ್ತರಿಸದೆ, ಆ ಬದಲಾವಣೆಯ ಕೊಂಡಿಯೊಂದಿಗೆ ನಿರ್ವಾಹಕರಿಗೆ ತಿಳಿಸಿ. ಸಾರ್ವತ್ರಿಕ ನೀತಿ ಸಂಹಿತೆ ಇಂಥ ಸಂದರ್ಭಕ್ಕಾಗಿಯೇ ಇದೆ.

ಅದೇ ಊರಿನ ಬಗ್ಗೆ ಮಲಯಾಳಂ ಅಥವಾ ತುಳು ವಿಕಿಪೀಡಿಯ ಬೇರೆ ರೀತಿ ಹೇಳುತ್ತಿದೆ. ಏನು ಮಾಡಬೇಕು?

ಒಂದು ವಿಕಿಪೀಡಿಯವನ್ನು ಇನ್ನೊಂದಕ್ಕೆ ಆಧಾರವಾಗಿ ಕೊಡುವಂತಿಲ್ಲ, ಆದ್ದರಿಂದ ಅವರು ಬರೆದದ್ದಕ್ಕೆ ಸರಿಯಾಗಿ ನಮ್ಮದನ್ನು ತಿದ್ದಬೇಕಾಗಿಲ್ಲ, ನಮ್ಮದಕ್ಕೆ ಸರಿಯಾಗಿ ಅವರದ್ದನ್ನೂ ಅಲ್ಲ. ಅಲ್ಲಿಯ ಲೇಖನದ ಅಡಿಯಲ್ಲಿರುವ ಉಲ್ಲೇಖಗಳನ್ನು ತೆರೆದು ನೋಡಿ. ನಮಗೆ ಸಿಗದಿದ್ದ ಒಳ್ಳೆಯ ಆಧಾರ ಅಲ್ಲಿರುವುದುಂಟು. ಜನಸಂಖ್ಯೆಯಂಥ ಅಂಕಿಯಲ್ಲಿ ವ್ಯತ್ಯಾಸವಿದ್ದರೆ ಯಾವ ಜನಗಣತಿ, ಪಂಚಾಯತೋ ಗ್ರಾಮವೋ ಎಂಬುದನ್ನು ಮೊದಲು ನೋಡಬೇಕು, ಹೆಚ್ಚಿನ ಗೊಂದಲ ಅಲ್ಲಿಯೇ ಇರುತ್ತದೆ. ಅವರದ್ದು ತಪ್ಪೆಂದು ಖಚಿತವಾದರೆ ಅವರ ಚರ್ಚೆ ಪುಟದಲ್ಲಿ ಮಲಯಾಳಂನಲ್ಲೋ ತುಳುವಿನಲ್ಲೋ ಎರಡು ಸಾಲು ಬರೆದು ಆಧಾರವನ್ನು ಕೊಡಿ. ಮಲಯಾಳಂ ಬರೆಯಲು ಬಾರದವರು ಇಂಗ್ಲಿಷಿನಲ್ಲಿಯೂ ಬರೆಯಬಹುದು.